ಯಾರ ನಾಯಿ?

ನಮ್ಮ ಮನೆಯಲ್ಲಿ ಹನ್ನೊಂದು ಮಂದಿ. ಮಾವ, ಅತ್ತೆ, ನಾವು ಗಂಡ ಹೆಂಡತಿ, ಮೈದುನ, ನೆಗೆಣ್ಣಿ, ಎರಡು ಸಂಸಾರದ ನಾಲ್ಕು ಮಕ್ಕಳು, ಮೇಲೆ ಮಾವನ ತಂಗಿ ಒಬ್ಬರು. ಸಾಲಹಳ್ಳಿಯಲ್ಲಿ ಇದು ತೀರ ದೊಡ್ಡ ಮನೆಯೇನಲ್ಲ. ಆದರೆ ಪುರುಸೊತ್ತು ಮಾತ್ರ ಯಾರ ಹತ್ತಿರವೂ ಇಲ್ಲ. ನಸುಕಿನಲ್ಲಿ ಅತ್ತೆಯವರು ಕೊಟ್ಟಿಗೆಯ ದೀಪ ಹಚ್ಚಿದರೆಂದರೆ ಮನೆ ಎದ್ದಿತು. ಎಮ್ಮೆ ಹಿಂಡಬೇಕು, ಹಂಚು ಒಲೆಗೇರಬೇಕು, ಡೇರಿಗೆ ಹಾಲು ಹೋಗಬೇಕು. ತ್ರೀಫೇಸ್ ಕರೆಂಟು ಯಾವ ಹೊತ್ತಿಗೆ ಬರುತ್ತದೋ ಆ ಹೊತ್ತಿಗೆ ಮೈದುನ ಪಂಪಿನ ಮುಂದೆ ಇರಬೇಕು. ಮಕ್ಕಳದು ಶಾಲೆ, ಯಜಮಾನರದು ರಾಮದುರ್ಗದಲ್ಲಿ ಅಂಗಡಿ, ನನ್ನದು ಪಕ್ಕದ ಊರಿನ ಪ್ರಾಥಮಿಕ ಶಾಲೆಯಲ್ಲಿ ಕನ್ನಡದ ತರಗತಿ. ಸಂಜೆ ಎಲ್ಲರೂ ಮರಳಿ ಕೂಡುವ ಹೊತ್ತಿಗೆ ಮತ್ತೆ ಹಂಚು ಕಾದಿರುತ್ತದೆ.

ಇಂಥ ಮನೆಗೆ ಐದು ವರ್ಷದ ಹಿಂದೆ ಒಂದು ಗ್ರೇಟ್ ಡೇನ್ ಮರಿ ಬಂತು. ಮೈದುನ ಯಾವುದೋ ಪಟ್ಟಣದಿಂದ ತಂದದ್ದು. ಬರುವಾಗ ಮೊಲದಷ್ಟಿತ್ತು. ವರ್ಷ ತುಂಬುವುದರೊಳಗೆ ಕರುವಿನಷ್ಟಾಯಿತು. ಕಟ್ಟೆಯ ಮೇಲೆ ಕುಳಿತವರ ಹೆಗಲಿಗೆ ಅದರ ಗದ್ದ ಬರುತ್ತಿತ್ತು. ಹೆಸರು ರಾಜಾ. ಅಷ್ಟು ದೊಡ್ಡ ಮೈಯಲ್ಲಿ ಅಷ್ಟು ಮೆತ್ತಗಿನ ಜೀವವನ್ನು ನಾನು ಬೇರೆಲ್ಲೂ ಕಂಡಿಲ್ಲ. ಯಾರಾದರೂ ನಿಂತಿದ್ದರೆ ಹತ್ತಿರ ಬಂದು ತನ್ನ ಭಾರವನ್ನೆಲ್ಲ ಅವರ ಕಾಲಿಗೆ ಒರಗಿಸಿ ಸುಮ್ಮನೆ ನಿಲ್ಲುತ್ತಿತ್ತು. ಮೈದುನನ ಚಿಕ್ಕ ಮಗ ನಡೆಯಲು ಕಲಿತದ್ದು ಅದರ ಬೆನ್ನು ಹಿಡಿದುಕೊಂಡು. ಓಣಿಯ ಮಂದಿ ನೋಡಲು ಬರುತ್ತಿದ್ದರು. ಯಾರ ನಾಯಿ ಇದು ಎಂದು ಹೊಸಬರು ಕೇಳಿದರೆ ಹನ್ನೊಂದು ಮಂದಿಯೂ ನಮ್ಮದು ಎನ್ನುತ್ತಿದ್ದೆವು.

ಹತ್ತು ಮಂದಿ ಇದ್ದಲ್ಲಿ ಹಾವು ಸಾಯುವುದಿಲ್ಲ ಎಂಬ ಮಾತು ನಮ್ಮಲ್ಲಿದೆ. ಹತ್ತು ಮಂದಿ ಇದ್ದಲ್ಲಿ ನಾಯಿ ಬದುಕುವುದೂ ಕಷ್ಟ ಎಂದು ನನಗೆ ಆಗ ತಿಳಿದಿರಲಿಲ್ಲ.

ಹೊಸ್ತಿಲ ಹುಣ್ಣಿಮೆಗೆ ಗೊಡಚಿಯಲ್ಲಿ ವೀರಭದ್ರ ದೇವರ ಜಾತ್ರೆ. ಸುತ್ತಲ ಊರುಗಳ ಮನೆ ಮನೆಯಲ್ಲೂ ಬೀಗರು ತುಂಬಿರುತ್ತಾರೆ. ಆ ವರ್ಷವೂ ಹಾಗೆಯೇ. ಹೋಳಿಗೆ, ಅನ್ನ, ಸಾರು, ಸಜ್ಜೆ ರೊಟ್ಟಿ. ಪಂಕ್ತಿಯ ಮೇಲೆ ಪಂಕ್ತಿ ಎದ್ದಿತು. ರಾಜಾ ಪಡಸಾಲೆಯ ಬಾಗಿಲಲ್ಲಿ ನಿಂತಿದ್ದ. ಉಂಡು ಎದ್ದವರೆಲ್ಲ ಅವನಿಗೊಂದು ತುತ್ತು ಹಾಕಿದರು. ಆಮೇಲೆ ಮಕ್ಕಳು ಅವನನ್ನು ಅಂಗಳದಲ್ಲಿ ಓಡಾಡಿಸಿದರು. ರಾತ್ರಿ ಹತ್ತರ ಸುಮಾರಿಗೆ ಅವನು ವಾಂತಿ ಮಾಡಿಕೊಳ್ಳಲು ಒದ್ದಾಡತೊಡಗಿದ. ಬರೀ ನೊರೆ ಬರುತ್ತಿತ್ತು, ಮತ್ತೇನೂ ಬರಲಿಲ್ಲ. ಹೊಟ್ಟೆ ಹಲಗೆಯ ಹಾಗೆ ಬಿಗಿದು, ಬೆರಳಿನಿಂದ ತಟ್ಟಿದರೆ ಸದ್ದು ಬರುತ್ತಿತ್ತು. ಕೂರಲೊಲ್ಲ, ಮಲಗಲೊಲ್ಲ. ಉಂಡದ್ದು ಹೆಚ್ಚಾಗಿದೆ, ಓಮದ ನೀರು ಕೊಡೋಣ ಎಂದುಕೊಂಡೆವು. ಬೆಳಗಿನ ಮೂರಕ್ಕೆ ಕಣ್ಣು ಮುಚ್ಚಿದ.

ಮರುದಿನ ಬಂದ ಪರಿಚಯದ ಪಶುವೈದ್ಯರು ಅದೇನೆಂದು ಬಿಡಿಸಿ ಹೇಳಿದರು. ಎದೆಗೂಡು ಆಳವಾಗಿ, ಅಗಲ ಕಡಿಮೆ ಇರುವ ದೊಡ್ಡ ನಾಯಿಗಳಿಗೆ ಈ ಅಪಾಯ ಹೆಚ್ಚು. ಒಮ್ಮೆಲೇ ಹೊಟ್ಟೆ ತುಂಬ ಉಂಡು, ಗಾಳಿ ತುಂಬಿ, ಜಠರ ತನ್ನ ಸುತ್ತ ತಾನೇ ತಿರುವಿಕೊಳ್ಳುತ್ತದೆ. ಒದ್ದೆ ಬಟ್ಟೆ ಹಿಂಡಿದ ಹಾಗೆ. ಮೇಲಿನ ಬಾಯಿಯೂ ಕೆಳಗಿನ ಬಾಯಿಯೂ ಮುಚ್ಚಿ, ರಕ್ತ ಓಡಾಡುವುದು ನಿಲ್ಲುತ್ತದೆ. ಕೆಲವೇ ತಾಸಿನಲ್ಲಿ ಹೊಟ್ಟೆ ಕೊಯ್ದು ಸರಿಮಾಡಿದರೆ ಉಂಟು, ಇಲ್ಲವೆಂದರೆ ಇಲ್ಲ. ಗ್ರೇಟ್ ಡೇನ್ ತಳಿಗೆ ಇದು ಬಹಳ ಬರುವ ರೋಗವಂತೆ. ಆಮೇಲೆ ಅವರು ಒಂದೇ ಪ್ರಶ್ನೆ ಕೇಳಿದರು: ನಿನ್ನೆ ಕೊನೆಗೆ ಇದಕ್ಕೆ ಊಟ ಹಾಕಿದವರು ಯಾರು?

ನಾನು, ನಾನು, ನಾನು ಎಂದು ಐದು ದನಿ ಎದ್ದವು. ಆಮೇಲೆ ಪಡಸಾಲೆ ತಣ್ಣಗಾಯಿತು.

ಅತ್ತೆಯವರ ಹಳೆಯ ಇಳಕಲ್ ಸೀರೆಯಲ್ಲಿ ಸುತ್ತಿ ಹೊಲದ ಬೇವಿನ ಬುಡದಲ್ಲಿ ಮಣ್ಣು ಮಾಡಿದೆವು. ನನಗೆ ಆ ದಿನದಿಂದ ಒಂದು ಮಾತು ಒಳಗೆ ಕೂತುಬಿಟ್ಟಿತು. ನಾವು ಅವನನ್ನು ಪ್ರೀತಿಸಲಿಲ್ಲ ಎಂದಲ್ಲ. ಎಲ್ಲರೂ ಪ್ರೀತಿಸಿದೆವು. ಆದರೆ ಅವನು ಯಾರವನೂ ಆಗಿರಲಿಲ್ಲ. ಒಂದು ದಿನ ಆರು ಸಲ ಉಂಡ, ಇನ್ನೊಂದು ದಿನ ಇನ್ನೊಬ್ಬರು ಹಾಕಿರಬಹುದೆಂದು ಎಲ್ಲರೂ ಬಿಟ್ಟಿದ್ದರಿಂದ ಸಂಜೆತನಕ ಖಾಲಿ ಹೊಟ್ಟೆಯಲ್ಲಿ ಕೂತ. ತಿರುಗಾಡಿಸಿಕೊಂಡು ಬರುವ ಕೆಲಸ ಯಾರ ಪಾಲಿಗೂ ಇರಲಿಲ್ಲ. ಹಗಲೆಲ್ಲ ಸರಪಳಿಯಲ್ಲಿ ಕಟ್ಟಿರುತ್ತಿದ್ದೆವು.

ಎರಡು ವರ್ಷ ಮನೆಯಲ್ಲಿ ನಾಯಿಯ ಮಾತೇ ಇರಲಿಲ್ಲ. ಆಮೇಲೆ ಹೊಲಗಳಲ್ಲಿ ಪಂಪಿನ ಕೇಬಲ್ ಕಳವು ಶುರುವಾಯಿತು. ಒಳಗಿನ ತಾಮ್ರಕ್ಕಾಗಿ ರಾತ್ರೋರಾತ್ರಿ ಕತ್ತರಿಸಿ ಒಯ್ಯುತ್ತಾರೆ. ನಮ್ಮದೂ ಒಂದು ಸಲ ಹೋಯಿತು. ಒಂದು ರಾತ್ರಿ ಊಟದ ಹೊತ್ತಿಗೆ ಮಾವನವರು, “ಒಂದು ದೊಡ್ಡ ನಾಯಿ ಬೇಕ ನೋಡ್ರಿ ಇನ್ನ” ಅಂದರು. ಹೇಳಿದ್ದೇ ತಡ, ಎರಡು ವರ್ಷ ಬಾಯಿ ಕಟ್ಟಿಕೊಂಡಿದ್ದ ಮನೆಯವರೆಲ್ಲ ಒಟ್ಟಿಗೆ ಮಾತಾಡಿದರು.

ಮಾವನವರಿಗೆ ಕಳ್ಳರು ನೋಡಿದೊಡನೆ ಅಂಜುವ ನಾಯಿ ಬೇಕು. ಮೈದುನನಿಗೆ ರಾಟ್‌ವೀಲರ್ ಬೇಕು. ಹುಬ್ಬಳ್ಳಿಯಲ್ಲಿ ಓದುವ ಹಿರಿಯ ಮಗನ ಫೋನಿನ ತುಂಬ ನೀಲಿ ಕಣ್ಣಿನ ಹಸ್ಕಿಯ ಚಿತ್ರಗಳು. ಚಿಕ್ಕವರಿಗೆ ಅಪ್ಪಿಕೊಂಡು ಮಲಗಲು ಲ್ಯಾಬ್ರಡಾರ್ ಬೇಕು. ಅತ್ತೆಯವರದು ಒಂದೇ ಮಾತು: “ಯಾವುದರ ತರ್ರಿ, ಅಡಗಿ ಮನಿ ಹೊಸ್ತಲಾ ದಾಟಬಾರದು.” ಮಾವನ ತಂಗಿ ಏನೂ ಹೇಳದೆ ಎದ್ದು ಹೋದರು. ರಾಜಾ ಅವರ ಹಾಸಿಗೆಯ ಪಕ್ಕ ಮಲಗುತ್ತಿದ್ದ.

ಹಸ್ಕಿಯ ಮಾತನ್ನು ನಾನು ಅಂದೇ ಕಡಿದುಹಾಕಿದೆ. ಸೈಬೀರಿಯಾದ ಹಿಮದಲ್ಲಿ ಗಾಡಿ ಎಳೆಯಲು ಹುಟ್ಟಿದ ಜೀವ ಅದು. ಎರಡು ಪದರದ ಕೂದಲು ಹೊದ್ದ ನಾಯಿಯನ್ನು ನಮ್ಮ ಏಪ್ರಿಲ್, ಮೇ ತಿಂಗಳ ಆರ್‌ಸಿಸಿ ಮನೆಯಲ್ಲಿ ಇಡುವುದು ಹಿಂಸೆ. ಬಿಸಿಲು ನಲವತ್ತು ಡಿಗ್ರಿ ಮುಟ್ಟುವ ಸೀಮೆ ನಮ್ಮದು. ಬೆವರಿನಿಂದ ಮೈ ತಂಪು ಮಾಡಿಕೊಳ್ಳಲು ನಾಯಿಗೆ ಆಗುವುದಿಲ್ಲ. ಅದು ತೇಕಿಯೇ ಕಾವು ಹೊರಹಾಕಬೇಕು. ಪೇಟೆಗಳಲ್ಲಿ ಸೇಂಟ್ ಬರ್ನಾರ್ಡ್ ಸಾಕಿದವರನ್ನೂ ಕಂಡಿದ್ದೇನೆ. ಆಲ್ಪ್ಸ್ ಪರ್ವತದ ನಾಯಿ ಫ್ಯಾನಿನ ಕೆಳಗೆ ನಾಲಗೆ ಚಾಚಿ ಬಿದ್ದಿದ್ದನ್ನು ನೋಡಿದರೆ ನನ್ನ ಕರುಳು ಹಿಂಡುತ್ತದೆ. ಅದರ ಚಿತ್ರ ಚೆಂದ ಬರುತ್ತದೆ, ನಿಜ.

ಲ್ಯಾಬ್ರಡಾರ್ ಒಳ್ಳೆಯ ನಾಯಿ. ಮಕ್ಕಳಿರುವ ಮನೆಗೆ ಹೇಳಿ ಮಾಡಿಸಿದ್ದು ಎನ್ನುತ್ತಾರೆ, ಒಪ್ಪುತ್ತೇನೆ. ಆದರೆ ಅದರ ಹಸಿವಿಗೆ ಕೊನೆಯಿಲ್ಲ. ಹನ್ನೊಂದು ಕೈಗಳಿರುವ ಮನೆಯಲ್ಲಿ ಅದು ವರ್ಷದೊಳಗೆ ಗುಡಾಣವಾಗುತ್ತದೆ, ಆಮೇಲೆ ಸೊಂಟದ ಕೀಲು ಹಿಡಿಯುತ್ತದೆ. ಜರ್ಮನ್ ಶೆಫರ್ಡ್ ಬುದ್ಧಿಯ ನಾಯಿ. ದಿನವೂ ಅದಕ್ಕೊಂದು ಕೆಲಸ ಕೊಡಬೇಕು, ಕಲಿಸಬೇಕು. ಕೆಲಸವಿಲ್ಲದೆ ಕಟ್ಟಿಹಾಕಿದರೆ ಅದರ ಬುದ್ಧಿಯೇ ಅದನ್ನು ತಿನ್ನುತ್ತದೆ. ರಾಟ್‌ವೀಲರ್ ವಿಷಯಕ್ಕೆ ಮೈದುನನಿಗೂ ನನಗೂ ವಾದವೇ ಆಯಿತು. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಅದೂ ಸೇರಿ 23 ತಳಿಗಳನ್ನು ಅಪಾಯಕಾರಿ ಎಂದು ಪಟ್ಟಿ ಮಾಡಿ ಸುತ್ತೋಲೆ ಹೊರಡಿಸಿತ್ತು. ಏಪ್ರಿಲ್‌ನಲ್ಲಿ ನಮ್ಮ ಹೈಕೋರ್ಟ್ ಆ ಸುತ್ತೋಲೆಯನ್ನು ರದ್ದು ಮಾಡಿತು. “ನೋಡ್ರಿ ವೈನಿ, ಕೋರ್ಟ ಬಿಟ್ಟೈತಿ” ಎಂದು ಮೈದುನ. ಕೋರ್ಟು ಬಿಟ್ಟದ್ದು ಸರಿಯೇ. ಸಂಬಂಧಪಟ್ಟವರ ಮಾತು ಕೇಳದೆ ತಳಿಗೆ ತಳಿಯನ್ನೇ ನಿಷೇಧಿಸುವುದು ತಪ್ಪು. ಆದರೆ ಆ ಬಲದ ನಾಯಿಗೆ ಮರಿಯಿದ್ದಾಗಿನಿಂದ ಒಂದೇ ಕೈ, ಒಂದೇ ಮಾತು, ದಿನಕ್ಕೆರಡು ತಾಸು ಬೇಕು. ಆ ಕೈ ಯಾರದು, ಆ ಎರಡು ತಾಸು ಎಲ್ಲಿವೆ ಎಂದು ಕೇಳಿದೆ. ಮೈದುನ ಉತ್ತರ ಕೊಡಲಿಲ್ಲ. ಅವನೂ ರಾಜಾನನ್ನು ನೆನೆದನೆಂದು ಮುಖದಲ್ಲೇ ಕಂಡಿತು.

ಆ ರಾತ್ರಿ ಗೋಡೆಯ ಕ್ಯಾಲೆಂಡರಿನ ಹಳೆಯ ಹಾಳೆಯೊಂದರ ಬೆನ್ನ ಮೇಲೆ ಗೆರೆ ಎಳೆದು ಕೂತೆ. ಶಾಲೆಯ ವೇಳಾಪಟ್ಟಿ ಹಾಕುವ ಅಭ್ಯಾಸದ ಕೈ. ಬೆಳಗಿನ ನಾಲ್ಕರಿಂದ ರಾತ್ರಿ ಹತ್ತರವರೆಗೆ ತಾಸಿಗೊಂದು ಮನೆ, ಹನ್ನೊಂದು ಹೆಸರು. ಯಾರು ಯಾವಾಗ ಎಲ್ಲಿರುತ್ತಾರೆ ಎಂದು ತುಂಬಿದೆ. ಹೊಲದ ಕೆಲಸ, ಹಂಚಿನ ಕೆಲಸ, ಬಸ್ಸು, ಪಾಠ, ಹಾಲು. ನೆಗೆಣ್ಣಿಯ ಒಂಬತ್ತನೆಯ ತರಗತಿಯ ಮಗಳು ಓಟದ ಸ್ಪರ್ಧೆಗೆಂದು ನಸುಕಿನಲ್ಲಿ ಎದ್ದು ಓಡುತ್ತಾಳೆ. ನಾಯಿಗೆ ಇವಳೇ ಸರಿ ಎಂದು ಮೊದಲು ಅನ್ನಿಸಿತು. ಆಮೇಲೆ ಲೆಕ್ಕ ಹಾಕಿದೆ. ಎರಡು ವರ್ಷಕ್ಕೆ ಅವಳು ಪಿಯುಸಿ ಓದಲು ಧಾರವಾಡಕ್ಕೋ ಬೆಳಗಾವಿಗೋ ಹೋಗುತ್ತಾಳೆ. ನಾಯಿಯ ಆಯುಷ್ಯ ಹತ್ತು, ಹನ್ನೆರಡು ವರ್ಷ. ಮಕ್ಕಳಿಗಾಗಿ ತಂದ ನಾಯಿ ಮಕ್ಕಳು ಊರು ಬಿಟ್ಟ ಮೇಲೂ ಇರುತ್ತದೆ. ಮಾವನವರಿಗೆ ಎಪ್ಪತ್ತೆಂಟು. ಯಜಮಾನರು, ಮೈದುನ ಬೆಳಗಾದರೆ ಹೊರಗೆ. ನನಗೆ ನಲವತ್ತಾರು. ಹನ್ನೆರಡು ವರ್ಷದ ಆ ತುದಿಗೂ ಈ ಮನೆಯಲ್ಲೇ ಇದ್ದು, ಕೈಕಾಲು ಗಟ್ಟಿಯಿರುವ ಹೆಸರು ನನ್ನದೇ. ಆದರೆ ನನ್ನ ಹೆಸರಿನ ಮುಂದೆ ಬೆಳಗಿನ ಐದರಿಂದ ಆರೂವರೆಯ ಮನೆಯಲ್ಲಿ ರೊಟ್ಟಿ ಎಂದು ಬರೆದಿತ್ತು. ಮದುವೆಯಾದ ಇಪ್ಪತ್ತಮೂರು ವರ್ಷದಿಂದ ಅಲ್ಲಿ ಅದೇ ಬರೆದಿದೆ.

ಮರುದಿನ ನೆಗೆಣ್ಣಿಯ ಮುಂದೆ ಹಾಳೆ ಹಿಡಿದೆ. ಅವಳು ಬಹಳ ಹೊತ್ತು ನೋಡಿದಳು. “ಮುಂಜಾನಿ ರೊಟ್ಟಿ ನಂದು, ಸಂಜೀವು ನಿಮ್ಮವು. ಕಸ ಮುಸರಿ ಮೊದಲಿನಂಗ” ಅಂದಳು. ಅಷ್ಟು ಸುಲಭಕ್ಕೆ ಒಪ್ಪುತ್ತಾಳೆಂದು ನಾನು ಎಣಿಸಿರಲಿಲ್ಲ. ಹೀಗೆ ನಾಯಿ ಬರುವ ಮೊದಲೇ ನಾಯಿಯ ಹೊತ್ತು ಮನೆಗೆ ಬಂತು. ಯಾವ ನಾಯಿ ಎಂಬುದು ಆಮೇಲೆ ಬಹಳ ತೊಡಕಾಗಲಿಲ್ಲ.

ನಮ್ಮೂರಿನಿಂದ ಲೋಕಾಪುರ ದಾಟಿದರೆ ಮುಧೋಳ. ಮಲಪ್ರಭೆಯ ಸೀಮೆಯಿಂದ ಘಟಪ್ರಭೆಯ ದಂಡೆಗೆ ಅಷ್ಟೇ ಹಾದಿ. ಅಲ್ಲಿನ ಬೇಟೆ ನಾಯಿ ಲೋಕಕ್ಕೆಲ್ಲ ಗೊತ್ತು, ನಮಗೇ ಹಿತ್ತಿಲ ಗಿಡವಾಗಿತ್ತು. ಸಣ್ಣ ತಲೆ, ಉದ್ದ ಮೂತಿ, ಕಮಾನಿನಂಥ ಬೆನ್ನು, ಒಳಗೆ ಎಳೆದುಕೊಂಡ ಹೊಟ್ಟೆ. ಭುಜದತನಕ ಗಂಡು ಸುಮಾರು 70 ಸೆಂಟಿಮೀಟರ್ ನಿಲ್ಲುತ್ತದೆ, ಹೆಣ್ಣು ಒಂದೆರಡು ಬೆರಳು ಗಿಡ್ಡ. ಇಷ್ಟು ಎತ್ತರಕ್ಕೆ ತೂಕ ಮಾತ್ರ ಇಪ್ಪತ್ತು, ಇಪ್ಪತ್ತೈದು ಕಿಲೋ. ನಮ್ಮ ರಾಜಾ ಇದರ ಎರಡರಷ್ಟಿದ್ದ. ಮೈಮೇಲೆ ಗಿಡ್ಡ ಕೂದಲು, ಕೆಳಗೆ ಕೊಬ್ಬೇ ಇಲ್ಲ. ಬಿಸಿಲು ತಡೆಯುತ್ತದೆ. ಜೋಳ, ಹಾಲು ಉಂಡು ಬೆಳೆದ ಕುಲ. ದೊಡ್ಡ ನಾಯಿ ಬೇಕೆಂದಾಗ ನಾವು ಭಾರವನ್ನು ನೋಡುತ್ತೇವೆ. ಎತ್ತರ ಬೇರೆ, ಭಾರ ಬೇರೆ. ಭಾರದ ನಾಯಿಗೆ ಉಣಿಸುವುದು, ಅದರ ಕೀಲು ಕಾಯುವುದು, ಬಿದ್ದರೆ ಎತ್ತುವುದು ಎಲ್ಲವೂ ಭಾರವೇ.

ಇದರ ಚರಿತ್ರೆಯನ್ನು ನಾನು ಶಾಲೆಯಲ್ಲಿ ಮಕ್ಕಳಿಗೆ ಹೇಳುತ್ತಿರುತ್ತೇನೆ. ಆಯುಧ ಒಪ್ಪಿಸಲೊಲ್ಲದೆ 1857ರಲ್ಲಿ ಬ್ರಿಟಿಷರ ಮೇಲೆ ತಿರುಗಿಬಿದ್ದ ಹಲಗಲಿಯ ಬೇಡರ ಸೀಮೆ ಅದು. ಬೇಟೆಯ ಮಂದಿಯ ಗುಡಿಸಲುಗಳಲ್ಲಿ ಉಳಿದುಕೊಂಡಿದ್ದ ಈ ನಾಯಿಗಳನ್ನು ಮುಧೋಳದ ಅರಸ ಮಾಲೋಜಿರಾವ್ ಘೋರ್ಪಡೆ ಆಸ್ಥೆಯಿಂದ ಬೆಳೆಸಿದರು. ಒಂದು ಜೋಡಿಯನ್ನು ದೊರೆ ಐದನೆಯ ಜಾರ್ಜ್‌ಗೆ ಕಾಣಿಕೆ ಕೊಟ್ಟರು. ಊರಿನ ಹೆಸರು ನಾಯಿಗೆ ಅಂಟಿದ್ದು ಹೀಗೆ. 2005ರ ಜನವರಿಯಲ್ಲಿ ಅಂಚೆ ಇಲಾಖೆ ನಾಲ್ಕು ದೇಶಿ ನಾಯಿಗಳ ಚೀಟಿ ಹೊರತಂದಾಗ ಅದರಲ್ಲಿ ಮುಧೋಳವೂ ಇತ್ತು. 2016ರಲ್ಲಿ ಮೀರತ್‌ನ ಸೇನಾ ಕೇಂದ್ರಕ್ಕೆ ತರಬೇತಿಗೆ ಹೋದವು. 2021ರಲ್ಲಿ ಆಗ್ರಾದ ವಾಯುನೆಲೆಗೆ, ವಿಮಾನಗಳ ಹಾದಿಯಿಂದ ಹಕ್ಕಿಗಳನ್ನು ಓಡಿಸಲು.

ಮುಧೋಳ ರನ್ನನ ಊರೂ ಹೌದು. ರನ್ನ ಹುಟ್ಟಿದ್ದು 949ರಲ್ಲಿ. ಹೆಚ್ಚು ಕಡಿಮೆ ಅದೇ ಹೊತ್ತಿಗೆ, ಅತ್ತ ಮಂಡ್ಯದ ಕಡೆಯ ಆತಕೂರಿನಲ್ಲಿ ಒಂದು ಕಲ್ಲು ನಿಂತಿತು. ತಕ್ಕೋಲದ ಕಾಳಗದಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣ ಚೋಳರನ್ನು ಗೆದ್ದ ಸುದ್ದಿಯನ್ನು ಹೇಳುವ ಶಾಸನ ಅದು. ಅಲ್ಲಿ ಮನಲೆರನೆಂಬ ವೀರ ಇದ್ದಾನೆ. ಅವನ ಸಾಹಸಕ್ಕೆ ಮೆಚ್ಚಿ ಏನು ಬೇಕೋ ಕೇಳಿಕೋ ಅಂದರೆ ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಎಂಬ ನಾಯಿಯನ್ನು ಕೇಳಿದ. ಮುಂದೆ ಬೆಳತೂರಿನ ಗುಡ್ಡದಲ್ಲಿ ಕಾಳಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟರು. ಎರಡೂ ಒಂದನ್ನೊಂದು ಕೊಂದು ಬಿದ್ದವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಹಂದಿಯೂ ನಾಯಿಯೂ ಎದುರಾಬದುರಾಗಿ ನಿಂತ ಶಿಲ್ಪ. ಈ ಕಥೆ ಹೇಳಿದರೆ ನನ್ನ ನಾಲ್ಕನೆಯ ತರಗತಿಯ ಮಕ್ಕಳು ಉಸಿರು ಬಿಗಿಹಿಡಿದು ಕೇಳುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸುವುದು ಆ ಶಾಸನದ ಇನ್ನೊಂದು ಮಾತು. ಕಲ್ಲಿನ ಪೂಜೆಯನ್ನು ಒಬ್ಬ ಗೊರವನಿಗೆ ಒಪ್ಪಿಸಿದ್ದಾರೆ. ಆ ಕಲ್ಲಿಗೆ ಪೂಜೆ ಮಾಡದೆ ಅವನು ಊಟಕ್ಕೆ ಕೂತರೆ ನಾಯಿ ಮಾಡಿದ ಪಾಪ ಅವನಿಗೆ ತಗಲುತ್ತದೆ ಎಂದು ಬರೆಸಿದ್ದಾರೆ. ಸತ್ತ ನಾಯಿಗೂ ಒಬ್ಬ ಮನುಷ್ಯನನ್ನು ನೇಮಿಸಿ, ಅವನ ಊಟಕ್ಕೂ ಅದರ ಸೇವೆಗೂ ಗಂಟು ಹಾಕಿದರು. ಊರಿನವರೆಲ್ಲ ನೋಡಿಕೊಳ್ಳಲಿ ಎಂದು ಬಿಡಲಿಲ್ಲ. ಸಾವಿರ ವರ್ಷದ ಹಿಂದಿನ ಕನ್ನಡದ ಮಂದಿಗೆ ತಿಳಿದಿದ್ದನ್ನು ನಾನು ಒಂದು ನಾಯಿಯನ್ನು ಕಳೆದುಕೊಂಡು ತಿಳಿದೆ.

ಮೊದಲು ತಿಮ್ಮಾಪುರಕ್ಕೆ ಹೋದೆವು. ಮುಧೋಳದ ಪಕ್ಕದಲ್ಲಿ, ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರ ಅಲ್ಲಿದೆ. ತಳಿ ಕೆಡದಂತೆ ಕಾಪಾಡುವುದು ಅದರ ಕೆಲಸ. ನಾಯಿಗಳನ್ನು ಸಾಲಾಗಿ ನೋಡಿದ ಮೇಲೆ ಕಣ್ಣಿಗೆ ಒಂದು ಅಳತೆ ಬಂತು. ಮೂತಿ ಹೇಗಿರಬೇಕು, ಎದೆ ಎಷ್ಟು ಆಳವಿರಬೇಕು, ನಡಿಗೆ ಹೇಗಿರಬೇಕು ಎಂದು. ಆಮೇಲೆ, ಸುತ್ತಲ ಹಳ್ಳಿಗಳಲ್ಲಿ ತಲೆಮಾರುಗಳಿಂದ ಇವನ್ನು ಸಾಕುತ್ತ ಬಂದ ಮನೆಗಳಿವೆಯಲ್ಲ, ಅಂಥದೊಂದು ಮನೆಗೆ ಪರಿಚಯದವರು ಕರೆದೊಯ್ದರು.

ನಾಯಿಯ ವ್ಯವಹಾರ ಗಂಡಸರದು ಎಂದು ನಾನು ತಿಳಿದಿದ್ದೆ. ಆ ಮನೆಯಲ್ಲಿ ನಮ್ಮೆದುರು ಕೂತವಳು ಮನೆಯ ಹೆಣ್ಣುಮಗಳು, ನನ್ನದೇ ವಯಸ್ಸು. ತಾಯಿನಾಯಿ ಅವಳ ಸೆರಗಿನ ಪಕ್ಕ ನಿಂತು ನಮ್ಮನ್ನು ನೋಡಿತು. ಬೊಗಳಲಿಲ್ಲ, ಬಾಲ ಆಡಿಸಲಿಲ್ಲ, ಹತ್ತಿರ ಬರಲಿಲ್ಲ. ಹಿರಿಯ ಮಗ ಮುಟ್ಟಲು ಕೈ ಚಾಚಿದ. “ಬ್ಯಾಡಪ್ಪಾ, ಅಕಿ ಹೊರಗಿನವರ ಕೈ ಸೇರೂದಿಲ್ಲ” ಎಂದಳು. ರೇಡಿಯೋದಲ್ಲಿ ಪ್ರಧಾನಿಯವರು ಮುಧೋಳ ನಾಯಿಯ ಹೆಸರು ಹೇಳಿದ ಮೇಲೆ, 2020ರಿಂದ ಈಚೆಗೆ, ದೂರದೂರದ ನಗರಗಳಿಂದ ಫೋನು ಬರುತ್ತವಂತೆ. “ಮೂರನೇ ಮಾಳಗ್ಯಾಗ ಇರ್ತೀವಿ ಅಂತಾರ. ಅಲ್ಲಿ ಇದು ಎಲ್ಲಿ ಓಡ್ಬೇಕ್ರಿ? ಇದರ ಹೊಟ್ಟಿಗಿ ಹಾಕೂದು ದೊಡ್ಡದಲ್ಲ ಅಕ್ಕಾರ, ಇದನ್ನ ಓಡಸೂದು ದೊಡ್ಡದು.”

ಅವಳ ಹತ್ತಿರ ನಾನು ಒಂದು ತಾಸಿನಲ್ಲಿ ಕಲಿತಷ್ಟು ಯಾವ ಪುಸ್ತಕವೂ ಕಲಿಸುತ್ತಿರಲಿಲ್ಲ. ಇದು ಮೂಗಿನ ನಾಯಿಯಲ್ಲ, ಕಣ್ಣಿನ ನಾಯಿ. ಬಹಳ ದೂರದಲ್ಲಿ ಏನಾದರೂ ಅಲುಗಿದರೂ ಕಾಣುತ್ತದೆ. ಕಂಡೊಡನೆ ಕಾಲು ಕೀಳುತ್ತದೆ. ಆಗ ಕರೆದರೆ ಕೇಳಿಸುವುದಿಲ್ಲ. ಅದಕ್ಕೇ ರಸ್ತೆಯ ಬದಿಯಲ್ಲಿ ಹಗ್ಗ ಬಿಚ್ಚಬಾರದು, ಬೇಲಿಯೊಳಗೆ ಬಿಚ್ಚಬೇಕು. ಮೊಲದ ಬೇಟೆ ಈಗ ಕಾನೂನಿಗೆ ವಿರುದ್ಧ. ಆದರೆ ಓಟ ರಕ್ತದಲ್ಲಿದೆ, ಅದನ್ನು ತಡೆದು ಕಟ್ಟಿಹಾಕಿದರೆ ನಾಯಿ ಕೊರಗುತ್ತದೆ. ಬಡಿದು ಕಲಿಸಲು ಹೋಗಬಾರದು. ಒಮ್ಮೆ ಬಡಿದವರನ್ನು ಬಹಳ ದಿನ ನೆನಪಿಡುತ್ತದೆ. ಕೋಳಿ, ಆಡು, ಬೆಕ್ಕು, ಎಲ್ಲವನ್ನೂ ಮರಿಯಿದ್ದಾಗಲೇ ತೋರಿಸಿ ಇವರು ನಮ್ಮವರು ಎಂದು ರೂಢಿ ಮಾಡಿಸಬೇಕು. ಮೈಯಲ್ಲಿ ಕೊಬ್ಬಿಲ್ಲದ್ದರಿಂದ ಚಳಿಗಾಲದಲ್ಲಿ ನಡುಗುತ್ತದೆ, ಹೊದಿಕೆ ಬೇಕು. ಇದರ ಎದೆಯೂ ಆಳ. ಅದನ್ನು ಕೇಳಿದಾಗ ನನ್ನ ಕೈ ತಣ್ಣಗಾಯಿತು. ಹಾಗಾದರೆ ಊಟ? “ದಿನಕ್ಕ ಎರಡ ಸಲ, ಸ್ವಲ್ಪ ಸ್ವಲ್ಪ. ಉಂಡ ಮ್ಯಾಲ ಓಡಸಬಾರದು, ಓಡಿ ಬಂದ ಕೂಡ್ಲೇ ಹಾಕಬಾರದು. ಹಾಕೂ ಕೈ ಒಂದ ಇರ್ಲಿ.”

ಪುರುಸೊತ್ತಿಲ್ಲದ ಮನೆಗೆ ಮರಿಗಿಂತ ಬೆಳೆದ ನಾಯಿಯೇ ವಾಸಿ ಎಂದು ನಾನು ಓದಿದ್ದೆ. ಆ ಮಾತು ಬಹಳ ಮಟ್ಟಿಗೆ ನಿಜ. ಮರಿಗೆ ಮೊದಲ ತಿಂಗಳುಗಳಲ್ಲಿ ದಿನಕ್ಕೆ ನಾಲ್ಕು ಊಟ, ನಡುರಾತ್ರಿ ಏಳುವುದು, ಮೂರ‍್ನಾಲ್ಕು ವಾರಕ್ಕೊಂದು ಸೂಜಿ, ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕೆ. ಎರಡು ವರ್ಷದ ಹೆಣ್ಣುನಾಯಿಯೊಂದು ಕೊಡುವುದಿದೆಯೇ ಎಂದು ಕೇಳಿದೆ. ಅವಳು ತಲೆಯಾಡಿಸಿದಳು. ಈ ಜಾತಿ ಬೆಳೆದ ಮೇಲೆ ಮನೆ ಬದಲಿಸಿದರೆ ಮನಸ್ಸು ಒಡೆಯುತ್ತದೆ, ನಾನು ಕೊಡುವುದಿಲ್ಲ ಎಂದಳು. ಹಾಗಾದರೆ ಏಪ್ರಿಲ್‌ಗೆ ಬರುತ್ತೇವೆ, ನನಗೆ ಆಗ ಸೂಟಿ ಎಂದೆ. ಎರಡು ತಿಂಗಳು ತುಂಬದ ಮರಿಯನ್ನು ತಾಯಿಯಿಂದ ಬಿಡಿಸಬಾರದು ಎಂಬುದಕ್ಕೂ ಅದು ಹೊಂದಿತು. ಮಕ್ಕಳ ಮುಖ ಬಾಡಿತು. ಮೂರು ತಿಂಗಳು ಕಾದೆವು.

ಏಪ್ರಿಲ್‌ನಲ್ಲಿ ಮತ್ತೆ ಹೋದಾಗ ಆರು ಮರಿ ಗೋಣಿಚೀಲದ ಮೇಲೆ ಉರುಳಾಡುತ್ತಿದ್ದವು. ಹಾಲುಬಣ್ಣದ ಒಂದು ಹೆಣ್ಣುಮರಿ ಎದ್ದು ಬಂದು ಒಂದು ಮೊಳ ದೂರದಲ್ಲಿ ನಿಂತು ನಮ್ಮನ್ನು ನೋಡಿತು. ಎಲ್ಲಕ್ಕಿಂತ ಮುಂದೆ ನುಗ್ಗಿದ್ದೂ ಅಲ್ಲ, ಮೂಲೆ ಸೇರಿದ್ದೂ ಅಲ್ಲ. ಇದು ಎಂದೆವು. ಅವಳು ಮರಿಯನ್ನು ಸೆರಗಿನಲ್ಲಿ ಎತ್ತಿಕೊಂಡು, “ಯಾರ ಕೈಯಾಗ ಕೊಡ್ಲಿ?” ಎಂದು ಕೇಳಿದಳು. ನಾಲ್ಕೂ ಮಕ್ಕಳು ಕೈ ಚಾಚಿದರು, ಮೈದುನನೂ ಚಾಚಿದ. ನನಗೆ ಆ ಬೆಳಗಿನ ಐದು ದನಿ ಮತ್ತೆ ಕೇಳಿಸಿತು. ನಾನು ಎದ್ದು ಮುಂದೆ ಹೋಗಿ ಸೆರಗು ಒಡ್ಡಿದೆ.

ಹೆಸರು ಬೆಳ್ಳಿ. ಬಣ್ಣಕ್ಕೂ ಆಯಿತು, ಅವಳ ಹೊತ್ತಿಗೂ ಆಯಿತು. ನಾವಿಬ್ಬರೂ ಹೊರಡುವುದು ಬೆಳ್ಳಿ ಮೂಡಿದ ಹೊತ್ತಿಗೆ.

ಊಟದ ವಿಷಯ ಮನೆಯಲ್ಲಿ ಸುಲಭವಿರಲಿಲ್ಲ. ನಮ್ಮದು ಲಿಂಗವಂತರ ಮನೆ, ತತ್ತಿ ಒಳಗೆ ಬಂದದ್ದಿಲ್ಲ. ಜೋಳದ ನುಚ್ಚು, ಹಾಲು, ಬೇಳೆ ಇಷ್ಟರಲ್ಲೇ ಬೆಳೆಸಬಹುದೇ ಎಂದು ವೈದ್ಯರನ್ನು ಕೇಳಿದೆ. ಬೆಳೆಯುವ ಎಲುಬಿಗೂ ಸ್ನಾಯುವಿಗೂ ಅದು ಸಾಲದು, ತತ್ತಿಯಾದರೂ ಬೇಕು ಎಂದರು. ಎರಡು ದಿನ ಅತ್ತೆಯವರ ಮುಂದೆ ಬಾಯಿ ತೆರೆಯಲಾಗಲಿಲ್ಲ. ಮೂರನೆಯ ದಿನ ಹೇಳಿದೆ. ಅವರು ಬಹಳ ಹೊತ್ತು ಸೊಪ್ಪು ಸೋಸುತ್ತ ಕೂತಿದ್ದರು. “ಅದರ ಹುಟ್ಟು ಅದಕ್ಕ, ನಮ್ಮ ಹುಟ್ಟು ನಮಗ. ಕೊಟ್ಟಿಗ್ಯಾಗ ಬ್ಯಾರೆ ಒಲಿ ಹೂಡು, ಬ್ಯಾರೆ ಭಾಂಡೆ ಇಡು” ಅಂದರು. ಕೊಟ್ಟಿಗೆಯ ಮೂಲೆಯಲ್ಲಿ ಮೂರು ಕಲ್ಲಿನ ಒಲೆ ಈಗಲೂ ಇದೆ. ಚಳಿಗಾಲಕ್ಕೆ ಮಾವನ ತಂಗಿ ಹಳೆಯ ಸೀರೆಗಳನ್ನು ಕೂಡಿಸಿ ಬೆಳ್ಳಿಗೊಂದು ಕೌದಿ ಹೊಲಿದರು.

ದಾಳಿಂಬೆ ಹಚ್ಚಿ, ರೋಗ ಬಿದ್ದು ಕಿತ್ತುಹಾಕಿದ ಎರಡೆಕರೆ ನೆಲ ನಮ್ಮದಿದೆ, ಸುತ್ತ ತಂತಿ ಬೇಲಿ. ಬೆಳಗಿನ ಐದಕ್ಕೆ ಅಲ್ಲಿ ಹಗ್ಗ ಬಿಚ್ಚುತ್ತೇನೆ. ಮೊದಲು ಸುಮ್ಮನೆ ನಿಲ್ಲುತ್ತಾಳೆ, ಕಿವಿ ಮಡಚುತ್ತಾಳೆ. ಆಮೇಲೆ ಮಣ್ಣಿನಿಂದ ಬಿಟ್ಟ ಬಾಣ. ನಾಲ್ಕೂ ಕಾಲು ಒಟ್ಟಿಗೆ ನೆಲ ಬಿಟ್ಟು, ಬೆನ್ನು ಬಿಲ್ಲಿನಂತೆ ಬಾಗಿ, ಬಿಚ್ಚಿ, ಬಾಗಿ. ಕತ್ತಲಲ್ಲಿ ಬಿಳಿಯ ಗೆರೆಯೊಂದು ಬೇಲಿಯ ಗುಂಟ ಸುತ್ತುತ್ತದೆ. ಆರೇಳು ಸುತ್ತು, ಅಷ್ಟೇ. ತಿರುಗಿ ಬಂದು ನನ್ನ ಕಾಲ ಬಳಿ ತೇಕುತ್ತ ನಿಲ್ಲುತ್ತಾಳೆ. ಕಾಲುದಾರಿಯಲ್ಲಿ ಹಾಲು ಒಯ್ಯುವವರು ಮೊದಮೊದಲು, “ಇಷ್ಟ ನಸಿಕಿನ್ಯಾಗ ಒಬ್ಬಾಕಿನ?” ಎಂದು ನಿಂತು ಕೇಳುತ್ತಿದ್ದರು. ಈಗ ಕೇಳುವುದಿಲ್ಲ. ಇಪ್ಪತ್ತಮೂರು ವರ್ಷದಲ್ಲಿ ನಮ್ಮ ಹೊಲದ ಮೇಲೆ ಬೆಳಗಾಗುವುದನ್ನು ನಾನು ನೋಡಿಯೇ ಇರಲಿಲ್ಲ. ಮೂಡಲು ಕೆಂಪಾಗುವ ಮೊದಲು ಒಂದು ಗಳಿಗೆ ಕಪ್ಪು ಮಣ್ಣು ನೀಲಿಯಾಗಿ ಕಾಣುತ್ತದೆ. ದೂರದ ಕಬ್ಬಿನ ಗದ್ದೆಯಲ್ಲಿ ನವಿಲು ಕೂಗುತ್ತದೆ. ಬೆಳ್ಳಿ ಆ ಕಡೆ ಮುಖ ಮಾಡಿ ನಿಲ್ಲುತ್ತಾಳೆ, ನಾನೂ ನಿಲ್ಲುತ್ತೇನೆ.

ಮಾವನವರ ಆಸೆ ಪೂರ್ತಿ ಈಡೇರಲಿಲ್ಲ ಎಂಬುದನ್ನೂ ಹೇಳಬೇಕು. ಬೆಳ್ಳಿ ಹೆಚ್ಚು ಬೊಗಳುವವಳಲ್ಲ. ರಾತ್ರಿ ಹೊಲದಲ್ಲಿ ಒಬ್ಬಳನ್ನೇ ಬಿಟ್ಟು ಕಾವಲಿಗೆ ಇಡುವಂಥವಳೂ ಅಲ್ಲ. ಅವಳಿಗೆ ಮಂದಿ ಬೇಕು. ಪಂಪಿನ ಮನೆಗೆ ಕಬ್ಬಿಣದ ಬಾಗಿಲು, ದೀಪ ಹಾಕಿಸಿದೆವು. ಆದರೆ ಮಾವನವರು ಸಂಜೆ ಕಟ್ಟೆಯ ಮೇಲೆ ಕೂತಾಗ ಅವರ ಕಣ್ಣು ಈಗ ರಸ್ತೆಯ ಮೇಲಿರುವುದಿಲ್ಲ, ಬೆಳ್ಳಿಯ ಕಿವಿಯ ಮೇಲಿರುತ್ತದೆ. ಕಿವಿ ಎದ್ದರೆ, “ಯಾರೋ ಬಂದ್ರ ನೋಡ್ರಿ” ಎನ್ನುತ್ತಾರೆ. ಸ್ವಲ್ಪ ಹೊತ್ತಿಗೆ ಯಾರೋ ಬಂದೇ ಬರುತ್ತಾರೆ.

ಕೊಟ್ಟಿಗೆಯ ಗೋಡೆಗೆ ಒಂದು ಗೂಟ ಹೊಡೆದಿದ್ದೇನೆ. ಅದರ ಕೆಳಗಿನ ಹಲಗೆಯ ಮೇಲೆ ಬೆಳ್ಳಿಯ ಸ್ಟೀಲಿನ ಬಟ್ಟಲು. ಉಂಡಾದ ಮೇಲೆ ತೊಳೆದು ಬೋರಲು ಹಾಕುತ್ತೇನೆ. ಬಟ್ಟಲು ಬೋರಲಿದ್ದರೆ ಯಾರೂ ಏನೂ ಹಾಕುವಂತಿಲ್ಲ. ನನಗೆ ಮೈ ಸರಿಯಿಲ್ಲದ ದಿನ, ಊರಿಗೆ ಹೋದ ದಿನ, ಗೂಟದ ಮೇಲಿನ ನನ್ನ ಹಳೆಯ ಶಾಲು ತೆಗೆದು ಹೆಗಲಿಗೆ ಹಾಕಿಕೊಂಡವರು ಆ ದಿನಕ್ಕೆ ಬೆಳ್ಳಿಯ ಮನುಷ್ಯರು. ಹೆಚ್ಚಾಗಿ ನೆಗೆಣ್ಣಿಯ ಮಗಳು.

ಮೊನ್ನೆ ಮತ್ತೆ ಹೊಸ್ತಿಲ ಹುಣ್ಣಿಮೆ ಬಂತು. ಗೊಡಚಿಯಿಂದ ಬೀಗರು ಬಂದರು, ಪಂಕ್ತಿಯ ಮೇಲೆ ಪಂಕ್ತಿ ಎದ್ದಿತು. ನಾನು ಒಲೆಯ ಮುಂದಿದ್ದೆ. ಬೆಳ್ಳಿ ಪಡಸಾಲೆಯ ಬಾಗಿಲಲ್ಲಿ, ರಾಜಾ ನಿಂತಿದ್ದ ಜಾಗದಲ್ಲೇ ನಿಂತಿದ್ದಳು. ಉಂಡು ಎದ್ದ ಹಿರಿಯರೊಬ್ಬರು ತುಪ್ಪ ಸವರಿದ ಅರ್ಧ ಹೋಳಿಗೆ ಹಿಡಿದು ಅವಳತ್ತ ಬಾಗಿದರು. “ಎಂಥಾ ಚಂದ ಐತಿ, ಯಾರ ನಾಯಿ ಇದು?” ಅಂದರು.

ರಾಜಾನ ಬೆನ್ನು ಹಿಡಿದು ನಡೆಯಲು ಕಲಿತ ಚಿಕ್ಕ ಮಗ ಅವರ ಮುಂಗೈ ಹಿಡಿದುಕೊಂಡ.

“ನಮ್ಮ ದೊಡ್ಡವ್ವಂದು. ಆ ಬಟ್ಲ ನೋಡ್ರಿ ಮುತ್ಯಾ, ಬೋರಲ ಐತಿ.”